ಕಾರ್ಲ್ ಹೋಗನ್‌ನ ಇಂಟ್ರೊ ಕೊನೆಗೂ ಕೈಗೆ ಹತ್ತಿತು

ಹೋಗನ್ ಕೊನೆಗೂ ಒಲಿದ. ಅಂದರೆ, ಲೂಯಿ ಜೋರ್ಡನ್ ಬ್ಯಾಂಡಿನ ಗಿಟಾರಿಸ್ಟ್ ಕಾರ್ಲ್ ಹೋಗನ್ ಒಂದು ಹಳೇ ಹಾಡಿನ ಶುರುವಿಗೆ ನುಡಿಸಿದ ತುಣುಕು, ಅದರ ಇಂಟ್ರೊ, ನನ್ನ ಕೈಗೆ ಬಂತು. ರಾತ್ರಿ ರೆಕಾರ್ಡ್ ಮಾಡಿಟ್ಟ ಟೇಕನ್ನು ಬೆಳಿಗ್ಗೆ ಕಾಫಿ ಕುಡಿಯುತ್ತ ಕೇಳಿದೆ. ನಾಲ್ಕೂ ಬಾರ್‌ಗಳಲ್ಲಿ (ಬಾರ್ ಅಂದರೆ ತಾಳದ ಒಂದು ಸುತ್ತು) ಎಲ್ಲೂ ಚಕ್ ಬೆರ್ರಿ, ಅದೇ ತುಣುಕನ್ನು ಆಮೇಲೆ ತನ್ನ ಹಾಡಿಗೆ ಎತ್ತಿಕೊಂಡ ರಾಕ್ ಗಿಟಾರಿಸ್ಟ್, ಇಣುಕಲಿಲ್ಲ. ಈ ಖುಷಿ ಎಷ್ಟು ದೊಡ್ಡದು ಅಂತ ಗಿಟಾರ್ ಹಿಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೊಸದಾಗಿ ಓದುತ್ತಿರುವವರಿಗೆ ಎರಡೇ ಮಾತು. ರಾಕ್ ಅಂಡ್ ರೋಲ್ ಮೇಲೆ ಯಾವ ಹಿಂದಿನ ಕಲಾವಿದನ ಋಣ ಎಲ್ಲಕ್ಕಿಂತ ದೊಡ್ಡದು ಅನ್ನುವ ಜಗಳ ನಮ್ಮ ಬಳಗದಲ್ಲಿ ಹಳೆಯದು. ಬಾಯಿಮಾತಲ್ಲಿ ಬಗೆಹರಿಯದ್ದನ್ನು ಕೈಯಲ್ಲಿ ನೋಡೋಣ ಅಂತ ಒಬ್ಬೊಬ್ಬ ಅಭ್ಯರ್ಥಿಯ ನಾಲ್ಕು ಬಾರ್ ತೆಗೆದುಕೊಂಡು, ಅದೇ ಗಿಟಾರು, ಅದೇ ಆಂಪು (ಆಂಪ್ಲಿಫೈಯರ್), ಅದೇ ಮೈಕಿನಲ್ಲಿ ನುಡಿಸಿ ಸಾಲಾಗಿ ಜೋಡಿಸುತ್ತಿದ್ದೇನೆ. ಬ್ಲೂಸ್ ಗಿಟಾರಿಸ್ಟ್ ಟಿ-ಬೋನ್ ವಾಕರ್ ಮುಗಿದಿದೆ. ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ಹಾಡುಗಾರ್ತಿ ಮತ್ತು ಗಿಟಾರಿಸ್ಟ್ ಸಿಸ್ಟರ್ ರೊಸೆಟ್ಟಾ ಥಾರ್ಪ್‌ಗೆ ಓಪನ್ ಡಿ ಟ್ಯೂನಿಂಗ್ (ತಂತಿಗಳನ್ನು ಒತ್ತದೆ ಮೀಟಿದರೂ ಡಿ ಕಾರ್ಡ್ ಬರುವ ಶ್ರುತಿ) ಹಾಕಿ ಅದನ್ನೂ ಮುಗಿಸಿದ್ದೇನೆ. ಈ ಕಂತು ಪೂರ್ತಿ ಹೋಗನ್‌ಗೇ ಮೀಸಲು, ಯಾಕೆಂದರೆ ನನ್ನ ತಾಳ್ಮೆಯನ್ನೆಲ್ಲ ನುಂಗಿದ್ದು ಅವನೊಬ್ಬನೇ.

ಹಾಡುಗಾರ, ಸ್ಯಾಕ್ಸೊಫೋನ್ ವಾದಕ ಲೂಯಿ ಜೋರ್ಡನ್ ತನ್ನ ಟಿಂಪನಿ ಫೈವ್ ಬ್ಯಾಂಡ್ ಜೊತೆ 1946ರಲ್ಲಿ ಡೆಕ್ಕಾ ರೆಕಾರ್ಡ್ ಕಂಪನಿಗೆ ‘ಏಂಟ್ ದಟ್ ಜಸ್ಟ್ ಲೈಕ್ ಎ ವುಮನ್’ ಹಾಡಿದ. ಅದರ ಬಾಗಿಲು ತೆರೆಯುವ ಗಿಟಾರ್ ಹೋಗನ್‌ನದು. 1958ರ ಜನವರಿಯಲ್ಲಿ ಬೆರ್ರಿ ಶಿಕಾಗೋದ ಚೆಸ್ ಕಂಪನಿಗೆ ‘ಜಾನಿ ಬಿ. ಗುಡ್’ ರೆಕಾರ್ಡ್ ಮಾಡಿದಾಗ ಅದನ್ನೇ ಎತ್ತಿಕೊಂಡ. ಮುಚ್ಚುಮರೆ ಏನಿಲ್ಲ, ಆ ಇಂಟ್ರೊ ತಾನು ಮೊದಲು ಕೇಳಿದ್ದು ಜೋರ್ಡನ್ ಬ್ಯಾಂಡಿನ ಹೋಗನ್ ಬೆರಳಲ್ಲಿ ಅಂತ ಬೆರ್ರಿಯೇ ಹೇಳಿಕೊಂಡಿದ್ದಾನೆ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಯ ಚಿನ್ನದ ತಟ್ಟೆಯಲ್ಲಿ ಸೇರಿ ನಕ್ಷತ್ರಗಳ ಕಡೆ ಹೊರಟಿದ್ದು ಬೆರ್ರಿಯ ಹಾಡು. ಅದರ ಬೆನ್ನೇರಿ ಹೋಗನ್ ಕೂಡ ಟಿಕೆಟ್ ಇಲ್ಲದೆ ಹೋಗಿದ್ದಾನೆ ಅಂತ ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಸಮಸ್ಯೆ ಇದು. ಎರಡರ ಸ್ವರಗಳೂ ಹೆಚ್ಚುಕಡಿಮೆ ಒಂದೇ. ಹೋಲಿಕೆಗೆ ಅನುಕೂಲವಾಗಲಿ ಅಂತ ಎರಡನ್ನೂ ಬಿ ಫ್ಲ್ಯಾಟ್ ಶ್ರುತಿಯಲ್ಲಿ ಇಟ್ಟುಕೊಂಡೆ. ಅಂದರೆ ಆರನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿ). ಬೆರ್ರಿಯದು ಎಲ್ಲರಿಗೂ ಗೊತ್ತು: ಎಲ್ಲಕ್ಕಿಂತ ತೆಳ್ಳನೆಯ ಎರಡು ತಂತಿಗಳ ಮೇಲೆ ತೋರುಬೆರಳು ಅಡ್ಡ, ಮೂರನೇ ತಂತಿಯಲ್ಲಿ ಆರರಿಂದ ಏಳಕ್ಕೆ ಹ್ಯಾಮರ್ (ಮತ್ತೆ ಮೀಟದೆ ಬೆರಳು ಬಡಿದು ಸ್ವರ ತರುವುದು), ಅಂದರೆ ಮೈನರ್ ಥರ್ಡ್‌ನಿಂದ ಮೇಜರ್ ಥರ್ಡ್‌ಗೆ, ನಮ್ಮ ಸಾಧಾರಣ ಗಾಂಧಾರದಿಂದ ಅಂತರ ಗಾಂಧಾರಕ್ಕೆ, ಜಾರಿಕೆ. ಆಮೇಲೆ ಡಬಲ್ ಸ್ಟಾಪ್‌ಗಳ (ಒಟ್ಟಿಗೆ ನುಡಿಸುವ ಎರಡೆರಡು ಸ್ವರಗಳ) ಸುರಿಮಳೆ. ಹೋಗನ್‌ನದರಲ್ಲಿ ಡಬಲ್ ಸ್ಟಾಪ್ ಇಲ್ಲ, ಒಂಟಿ ಸ್ವರಗಳ ಸಾಲು ಅಷ್ಟೆ. ಕಾಗದದ ಮೇಲೆ ನೋಡಿದರೆ ಹೋಗನ್‌ನದೇ ಸುಲಭ. ನುಡಿಸಿದರೆ? ಡಬಲ್ ಸ್ಟಾಪ್ ತೆಗೆದರೂ ಬೆರ್ರಿ, ವೇಗ ಇಳಿಸಿದರೂ ಬೆರ್ರಿ, ಟೋನ್ ನಾಬ್ ಪೂರ್ತಿ ತಿರುಗಿಸಿ ಮಂದ ಮಾಡಿದರೆ ಕಂಬಳಿ ಹೊದ್ದ ಬೆರ್ರಿ.

ಕಾರಣವೇನೋ ಗೊತ್ತಿತ್ತು. ನಾವೆಲ್ಲ ಕಲಿತಿರುವುದು ಬೆರ್ರಿಯಿಂದ, ಅದೂ ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಕೈ ದಾಟಿ ಬಂದ ಬೆರ್ರಿಯಿಂದ. ಬಲಗೈಗೆ ಆ ಓಟ ರೂಢಿಯಾಗಿಬಿಟ್ಟಿದೆ. ಕಾರಣ ಗೊತ್ತಾದ ಮಾತ್ರಕ್ಕೆ ಕೈ ಕೇಳಬೇಕಲ್ಲ! ಸಾಲದ್ದಕ್ಕೆ 78 ಆರ್‌ಪಿಎಂ ತಟ್ಟೆಯಿಂದ ಇಳಿಸಿದ ಧ್ವನಿಯ ಶ್ರುತಿ ಎಷ್ಟೋ ಸಲ ಪಿಯಾನೊದ ಎರಡು ಕೀಲಿಗಳ ನಡುವೆ ಎಲ್ಲೋ ಕೂತಿರುತ್ತದೆ. ಜೊತೆಗೆ ನುಡಿಸಬೇಕೆಂದರೆ ಮೊದಲು ಕಂಪ್ಯೂಟರಿನಲ್ಲಿ ಅದನ್ನು ಎಳೆದು ಸರಿಮಾಡಿಕೊಳ್ಳಬೇಕು. ಅದನ್ನೂ ಮಾಡಿದೆ, ಅರ್ಧ ವೇಗಕ್ಕೆ ಇಳಿಸಿಯೂ ಕೇಳಿದೆ. ಕೇಳಿದಾಗ ತಿಳಿಯುತ್ತಿತ್ತು, ನುಡಿಸಲು ಹೋದರೆ ಜಾರಿಹೋಗುತ್ತಿತ್ತು.

ಗಂಟು ಬಿಚ್ಚಿದ್ದು ನಮ್ಮ ಡ್ರಮ್ಮರ್. ಹುಡುಗನಾಗಿದ್ದಾಗ ಮೃದಂಗ ಕಲಿತವನು, ಮತ್ತು ನಮ್ಮ ಜಗಳದಲ್ಲಿ ಕಡು ರೊಸೆಟ್ಟಾ ಪಕ್ಷ. ನಾನು ನುಡಿಸುವುದನ್ನು ಒಂದಷ್ಟು ಹೊತ್ತು ಸುಮ್ಮನೆ ಕೇಳಿದ. "ಗುರು, ಗಿಟಾರ್ ಕೆಳಗಿಡು. ಮೊದಲು ಬಾಯಲ್ಲಿ ಹೇಳು" ಅಂದ.

ಹೇಳಿಸಿದ್ದು ತಕಿಟ. ಒಂದು ಬೀಟಿಗೆ ಒಂದು ತಕಿಟ, ತಿಶ್ರದಲ್ಲಿ, ಅಂದರೆ ಬೀಟಿಗೆ ಮೂರು ಸಮಭಾಗ. ತೊಡೆ ಮೇಲೆ ತಾಳ. ಆಮೇಲೆ ನಡುವಿನ ‘ಕಿ’ ನುಂಗಿಸಿದ: ತ–ಟ, ತ–ಟ, ತ–ಟ. ಇದೇ ಶಫಲ್, ಉದ್ದ-ಗಿಡ್ಡವಾಗಿ ತೂಗುವ ನಡೆ. ಜೋರ್ಡನ್‌ನ ಬ್ಯಾಂಡ್ ನಡೆಯುವುದೇ ಈ ನಡೆಯಲ್ಲಿ, ಹೋಗನ್‌ನ ಗಿಟಾರ್ ಕೂಡ ಅದರೊಳಗೇ ಕೂತಿದೆ. ಆಮೇಲೆ ಅವನು ತಾನು ತ–ಟ ತಟ್ಟುತ್ತ ಹೋದ, ನನಗೆ ಅದರ ಮೇಲೆ ಸಮವಾಗಿ "ತಕ ತಕ ತಕ ತಕ" ಹೇಳು ಅಂದ. ಹೇಳಿದೆ. ಮೈ ಜುಮ್ಮೆಂದಿತು. ಅದು ‘ಜಾನಿ ಬಿ. ಗುಡ್’! ಆ ರೆಕಾರ್ಡಿನಲ್ಲಿ ಫ್ರೆಡ್ ಬಿಲೋ ಡ್ರಮ್ಸ್ ಮೇಲೆ ತೂಗುತ್ತಾನೆ, ಬೆರ್ರಿಯ ಗಿಟಾರ್ ಅದರ ಮೇಲೆ ನೆಟ್ಟಗೆ ಓಡುತ್ತದೆ. ಎರಡು ನಡೆ ಒಂದಕ್ಕೊಂದು ಉಜ್ಜುವ ಜಾಗದಲ್ಲೇ ಆ ಹಾಡಿನ ಕಿಡಿ ಹುಟ್ಟುವುದು. ಹೋಗನ್‌ನಲ್ಲಿ ಆ ಉಜ್ಜಾಟ ಇಲ್ಲ, ಗಿಟಾರೂ ಡ್ರಮ್ಸೂ ಒಂದೇ ತೊಟ್ಟಿಲಲ್ಲಿ ತೂಗುತ್ತವೆ. ಸ್ವರ ಅವೇ, ನಡೆ ಬೇರೆ.

ಅಲ್ಲಿಂದ ಮುಂದೆ ಮೆಟ್ರೊನೋಮ್ ಆಫ್. ಬಾಯಲ್ಲಿ ತಕಿಟ, ಪಿಕ್ ಬೀಳುವುದು ತ ಮತ್ತು ಟ ಮೇಲೆ ಮಾತ್ರ, ಆದಷ್ಟು ಡೌನ್‌ಸ್ಟ್ರೋಕ್ (ಕೆಳಮುಖದ ಮೀಟು). ಮೇಲೆ-ಕೆಳಗೆ ಮೀಟಲು ಹೋದರೆ ಕೈ ತಾನಾಗಿ ಸಮ ಓಟಕ್ಕೆ ಮರಳುತ್ತದೆ. ಇದನ್ನು ಯಾರು ಪ್ರಯತ್ನಿಸಿದರೂ ಮೊದಲು ಬರೀ ಒಂದು ಸ್ವರದ ಮೇಲೆ ಮಾಡಿ. ಲಿಕ್ (ಆ ಗಿಟಾರ್ ತುಣುಕು) ಪೂರ್ತಿ ನುಡಿಸುವ ಆಸೆ ಆಮೇಲೆ.

ಉಳಿದರ್ಧ ತಂತಿಯದು. ಆ ಕಾಲದ ಸೆಟ್‌ಗಳಲ್ಲಿ ಮೂರನೇ ತಂತಿ ನಮ್ಮದರಂತೆ ಬರೀ ತಂತಿಯಲ್ಲ, ಮೇಲೆ ಸುತ್ತು ಹಾಕಿದ ದಪ್ಪದ್ದು. ಅದನ್ನು ಒಂದು ಪೂರ್ತಿ ಸ್ವರ ಬೆಂಡ್ ಮಾಡಲು (ಎಳೆದು ಶ್ರುತಿ ಏರಿಸಲು) ಹೋದರೆ ಬೆರಳ ತುದಿ ಹೋಗುತ್ತದೆ. ಹಾಗಾಗಿ ಜಾರಿಸುತ್ತೀರಿ, ಹ್ಯಾಮರ್ ಮಾಡುತ್ತೀರಿ, ಸ್ವರ ಗಿಡ್ಡವಾಗಿ ದಪ್ಪಗೆ ಬರುತ್ತದೆ. ಹಳೆಯ ಗಿಟಾರಿನ ದನಿಯಲ್ಲಿ ಆಂಪಿನ ಪಾಲಿಗಿಂತ ಈ ತಂತಿಯ ಪಾಲೇ ದೊಡ್ಡದು ಅಂತ ನನಗೆ ಈಗ ಖಾತ್ರಿಯಾಗಿದೆ.

ಈ ತಂತಿ ತರಿಸಲು ಪಟ್ಟ ಪಾಡು ಕೇಳಿ. 12-52 ಸೆಟ್ (ತೆಳ್ಳನೆಯ ಮತ್ತು ದಪ್ಪನೆಯ ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ), ಮೂರನೆಯದು .024 ಇಂಚಿನ ಸುತ್ತಿದ್ದು ಅಂತ ಸ್ಪಷ್ಟವಾಗಿ ಬರೆದು ಆರ್ಡರ್ ಮಾಡಿದೆ. ಬಂತು. ಪ್ಯಾಕೆಟ್ ಮೇಲಿನ ಚೀಟಿಯಲ್ಲಿ ಸುತ್ತಿದ್ದು, ಒಳಗೆ ನೋಡಿದರೆ ಪ್ಲೇನ್. ಫೋನ್ ಮಾಡಿದರೆ "ಸರ್, ಎಲ್ಲಾ ಒಂದೇ ಸರ್, ಸೌಂಡ್ ಬರುತ್ತೆ ಹಾಕ್ಕೊಳಿ" ಅಂತ ಉತ್ತರ. ಸೌಂಡ್ ಬರುತ್ತೆ ಸ್ವಾಮಿ, ಯಾವ ಸೌಂಡ್ ಅನ್ನುವುದೇ ನನ್ನ ಪ್ರಶ್ನೆ! ವಾಪಸ್ ಕಳಿಸಿ ದುಡ್ಡು ಬರುವಷ್ಟರಲ್ಲಿ ಬೇರೆ ಕಡೆ ಬಿಡಿ ತಂತಿ ಸಿಕ್ಕಿತು. ಗಿಟಾರ್ ತಂತಿ ಮಾರುವವರಿಗೆ ಒಂದು ವಿನಂತಿ: ಮೂರನೇ ತಂತಿ ಯಾವುದು ಅಂತ ನೋಡಿ ಕಳಿಸಿ. ನಮ್ಮಂಥವರು ಹತ್ತು ಜನ ಇದ್ದರೂ ಇದ್ದೇವೆ.

ಹಾಕುವಾಗ ಎರಡು ಎಚ್ಚರ. ನಟ್‌ನ (ಗಿಟಾರ್ ತಲೆಯ ಬಳಿ ತಂತಿಗಳು ಕೂರುವ ಪಟ್ಟಿಯ) ಮೂರನೇ ಗೀರು ಅಗಲ ಮಾಡದಿದ್ದರೆ ತಂತಿ ಕಚ್ಚಿಕೊಂಡು ಶ್ರುತಿ ಕೆಡುತ್ತದೆ. ಸುತ್ತಿದ ತಂತಿಗೆ ಕಾಂಪೆನ್ಸೇಶನ್ (ಶ್ರುತಿ ಸರಿಹೋಗಲು ತಂತಿಗೆ ಕೊಡುವ ಹೆಚ್ಚುವರಿ ಉದ್ದ) ಕಡಿಮೆ ಸಾಕು, ಆದ್ದರಿಂದ ಸ್ಯಾಡಲನ್ನು (ತಂತಿಯ ಇನ್ನೊಂದು ತುದಿಯ ಆಧಾರವನ್ನು) ನೆಕ್ ಕಡೆಗೆ ಸರಿಸಿ. ಹನ್ನೆರಡನೇ ಫ್ರೆಟ್‌ನಲ್ಲಿ ಶ್ರುತಿ ಪರೀಕ್ಷಿಸದೆ ರೆಕಾರ್ಡ್ ಮಾಡಲು ಕೂರಬೇಡಿ.

ಇನ್ನು ಜಗಳಕ್ಕೆ ಬರೋಣ. ಇಷ್ಟೆಲ್ಲ ನುಡಿಸಿದ ಮೇಲೆ ನನ್ನ ಮತ ಲೂಯಿ ಜೋರ್ಡನ್‌ಗೆ. ಗಟ್ಟಿಯಾಗಿಯೇ ಹೇಳುತ್ತೇನೆ.

ಮೊದಲು ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಪಕ್ಷದವರಿಗೆ. ಅವನು 1936 ಮತ್ತು 1937ರಲ್ಲಿ ಟೆಕ್ಸಾಸ್‌ನಲ್ಲಿ ರೆಕಾರ್ಡ್ ಮಾಡಿದ 29 ಹಾಡುಗಳ ಮುಂದೆ ನಾನು ಕೈಮುಗಿದು ನಿಲ್ಲುತ್ತೇನೆ. ಆದರೆ ಅವನ ಎಲ್‌ಪಿ ಬಂದಿದ್ದು 1961ರಲ್ಲಿ. ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಪೀಳಿಗೆಯ ರಾಕ್‌ಗೆ ಅವನು ಗುರು, ಒಪ್ಪೋಣ. 1955ರಲ್ಲಿ ಜ್ಯೂಕ್‌ಬಾಕ್ಸ್ (ಕಾಸು ಹಾಕಿದರೆ ಹಾಡುವ ಪೆಟ್ಟಿಗೆ) ಮುಂದೆ ಕುಣಿಯುತ್ತಿದ್ದ ಹುಡುಗರ ಕಿವಿಯಲ್ಲಿ ಇದ್ದದ್ದು ಅವನಲ್ಲ. ಆ ಕಿವಿಯಲ್ಲಿ ಇದ್ದವನು ಜೋರ್ಡನ್. 1946ರ ‘ಚೂ ಚೂ ಚ್‌ಬೂಗಿ’ ಒಂದೇ 18 ವಾರ ಅಮೆರಿಕದ ಕಪ್ಪುಜನರ ಸಂಗೀತದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಯಲ್ಲಿತ್ತು. ಅವನ ಬ್ಯಾಂಡಿನ ಅಳತೆಯನ್ನೂ ನೋಡಿ. ಹದಿನೈದು-ಹದಿನಾರು ಜನರ ಬಿಗ್ ಬ್ಯಾಂಡ್ ಸಾಕುವುದು ಯುದ್ಧದ ನಂತರ ದುಬಾರಿಯಾಗಿದ್ದಾಗ, ಬೆರಳೆಣಿಕೆಯ ಜನರಿಂದ ಸಭಾಂಗಣ ತುಂಬುವ ಸದ್ದು ತೆಗೆಯಬಹುದು ಅಂತ ತೋರಿಸಿದ. ಡ್ರಮ್ಸ್, ಬಾಸ್, ಪಿಯಾನೊ, ಗಿಟಾರ್, ಮುಂದೆ ನಿಂತು ಕಥೆ ಹೇಳುವ ಹಾಡುಗಾರ. ರಾಕ್ ಅಂಡ್ ರೋಲ್ ಬ್ಯಾಂಡಿನ ನಕ್ಷೆ ಇದೇ ತಾನೆ?

ಅದಕ್ಕಿಂತ ನೇರವಾದ ಕೊಂಡಿ ಮಿಲ್ಟ್ ಗೇಬ್ಲರ್. ಡೆಕ್ಕಾದಲ್ಲಿ ಜೋರ್ಡನ್‌ನ ನಿರ್ಮಾಪಕ ಅವನೇ. 1954ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಪಿಥಿಯನ್ ಟೆಂಪಲ್ ಸ್ಟುಡಿಯೊದಲ್ಲಿ ರಾಕ್ ಅಂಡ್ ರೋಲ್ ಗಾಯಕ ಬಿಲ್ ಹೇಲಿಯ ‘ರಾಕ್ ಅರೌಂಡ್ ದ ಕ್ಲಾಕ್’ ರೆಕಾರ್ಡ್ ಮಾಡಿಸಿದವನೂ ಅವನೇ. ಜೋರ್ಡನ್‌ನ ರಿಫ್‌ಗಳನ್ನು (ಮರುಕಳಿಸುವ ಪುಟ್ಟ ತುಣುಕುಗಳನ್ನು) ಹೇಲಿಯ ವಾದ್ಯಗಾರರಿಗೆ ತಾನೇ ಗುನುಗಿ ಹೇಳಿಕೊಡುತ್ತಿದ್ದೆ ಅಂತ ಗೇಬ್ಲರ್ ಹೇಳಿದ್ದಾನೆ. ಬೆರ್ರಿ ಒಂದು ಕಡೆ, ಹೇಲಿ ಇನ್ನೊಂದು ಕಡೆ, ಇಬ್ಬರ ಬೇರೂ ಒಂದೇ ಬ್ಯಾಂಡಿಗೆ ಹೋಗಿ ಮುಟ್ಟುತ್ತದೆ. ರಾಕ್ ಅಂಡ್ ರೋಲ್ ಗಾಯಕ ಲಿಟಲ್ ರಿಚರ್ಡ್‌ನ ಕೂಗನ್ನು ಕೇಳಿ, ಆಮೇಲೆ ‘ಕ್ಯಾಲ್ಡೋನಿಯಾ’ ಹಾಡಿನಲ್ಲಿ ಜೋರ್ಡನ್ ಆ ಹೆಸರನ್ನು ಕೀರಲಾಗಿ ಕೂಗುವುದನ್ನು ಕೇಳಿ.

ಇಲ್ಲಿ ನಮ್ಮ ಡ್ರಮ್ಮರ್ ಎದ್ದು ನಿಲ್ಲುತ್ತಾನೆ. 1947ರಲ್ಲಿ ಜಾರ್ಜಿಯಾದ ಮೇಕನ್ ಊರಿನಲ್ಲಿ ಹುಡುಗ ರಿಚರ್ಡ್‌ನನ್ನು ವೇದಿಕೆ ಹತ್ತಿಸಿ ಹಾಡಿಸಿದವಳು ರೊಸೆಟ್ಟಾ. 1944ರಲ್ಲಿ ರೆಕಾರ್ಡ್ ಮಾಡಿದ ‘ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ’ಯಲ್ಲಿ ಅವಳು ದೇವರ ಹಾಡಿಗೆ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಏನು ಮಾಡಿದ್ದಾಳೆ ಅಂತ ಕೇಳಿಸಿಕೊಂಡವರಿಗೆ ಅವನ ವಾದ ಬೇಗ ಅರ್ಥವಾಗುತ್ತದೆ. 1964ರಲ್ಲಿ ಮ್ಯಾಂಚೆಸ್ಟರ್‌ನ ಪಾಳುಬಿದ್ದ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ, ಕೋಟು ತೊಟ್ಟು ಬಿಳಿ ಗಿಬ್ಸನ್ ಗಿಟಾರ್ ನೇತುಹಾಕಿಕೊಂಡು ಅವಳು ನುಡಿಸಿದ ದೃಶ್ಯ ನೋಡದವರು ಈ ಜಗಳಕ್ಕೆ ಬರಲೇಬಾರದು. ಒಂಟಿಯಾಗಿ ಗಿಟಾರ್ ಹಿಡಿದು ಸಭೆಯನ್ನು ಗೆಲ್ಲುವ ಆ ನಿಲುವು ಅವಳದೇ, ಅದನ್ನು ಜೋರ್ಡನ್ ಕೊಡಲಿಲ್ಲ. ಆದರೆ ಬ್ಯಾಂಡಿನ ನಡೆ, ಹಾಡಿನ ಕಟ್ಟು, ತಮಾಷೆಯ ಕಥೆ, ಕೊನೆಗೆ ಆ ಇಂಟ್ರೊ ಕೂಡ ಜೋರ್ಡನ್ ಮನೆಯಿಂದ ಬಂದಿದೆ. ಇಬ್ಬರೂ ಅಮೆರಿಕದ ಅರ್ಕನ್ಸಾ ರಾಜ್ಯದ ಪೂರ್ವದ ಅಕ್ಕಪಕ್ಕದ ಊರುಗಳವರು. ಅವನು ಬ್ರಿಂಕ್ಲಿ, ಅವಳು ಕಾಟನ್ ಪ್ಲಾಂಟ್. ಅಷ್ಟು ಹತ್ತಿರದ ನೆಲದಿಂದ ಇಬ್ಬರು ಹುಟ್ಟಿಬಂದರು ಅನ್ನುವುದೇ ನನಗೆ ದೊಡ್ಡ ಸೋಜಿಗ.

ಬ್ಲೂಸ್ ಗಾಯಕ ಆರ್ಥರ್ ಕ್ರೂಡಪ್ ಪಕ್ಷದವರು ಸಿಟ್ಟಾಗಬೇಡಿ. ಎಲ್ವಿಸ್ 1954ರಲ್ಲಿ ಮೆಂಫಿಸ್‌ನಲ್ಲಿ ಹಾಡಿದ್ದು ಕ್ರೂಡಪ್‌ನ 1946ರ ಹಾಡು, ನಿಜ. ಅವನ ಸರದಿಯೂ ಬರುತ್ತದೆ.

ಅದಕ್ಕೂ ಮೊದಲು ನನ್ನ ತಲೆ ತಿನ್ನುತ್ತಿರುವ ಇನ್ನೊಂದು ಕೆಲಸ ಇದೆ. 1951ರ ‘ರಾಕೆಟ್ 88’ ಹಾಡು ನೆನಪಿದೆಯಲ್ಲ? ಐಕ್ ಟರ್ನರ್‌ನ ಬ್ಯಾಂಡ್ ಮೆಂಫಿಸ್‌ಗೆ ಬರುವ ದಾರಿಯಲ್ಲಿ ಗಿಟಾರಿಸ್ಟ್ ವಿಲ್ಲಿ ಕೈಜಾರ್ಟ್‌ನ ಆಂಪ್ ಪೆಟ್ಟಾಗಿ ಸ್ಪೀಕರ್ ಕೆಟ್ಟಿತ್ತು. ಅಲ್ಲಿನ ಸ್ಟುಡಿಯೊದ ಸ್ಯಾಮ್ ಫಿಲಿಪ್ಸ್ ಅದನ್ನು ಎಸೆಯಲಿಲ್ಲ, ಸ್ಪೀಕರಿನ ಕೋನ್‌ಗೆ (ಅದುರಿ ಸದ್ದು ಹೊರಡಿಸುವ ಶಂಕುವಿನಾಕಾರದ ಭಾಗಕ್ಕೆ) ಕಾಗದ ತುರುಕಿ ಹಾಗೇ ರೆಕಾರ್ಡ್ ಮಾಡಿದ. ಆ ಗರಗರ ಸದ್ದು ಬೇಕು ನನಗೆ, ಸದ್ದನ್ನು ಗರಗರ ಮಾಡುವ ಎಲೆಕ್ಟ್ರಾನಿಕ್ ಪೆಡಲ್ ಇಲ್ಲದೆ. ಒಂದು ಹಳೇ ವಾಲ್ವ್ ರೇಡಿಯೊದ ಕಾಗದದ ಕೋನ್ ಸ್ಪೀಕರ್ ಕೈಗೆ ಸಿಕ್ಕಿದೆ, ಅಂಚಿನಲ್ಲಿ ಆಗಲೇ ಬೆರಳುದ್ದ ಸೀಳು ಬಿಟ್ಟಿದೆ. ದಿನಪತ್ರಿಕೆ ತುರುಕಿದರೆ ಒಂದು ಸದ್ದು, ದಪ್ಪ ರಟ್ಟಾದರೆ ಇನ್ನೊಂದು ಇರಬೇಕು. ಕಡಿಮೆ ವಾಟ್‌ನ ಆಂಪಿಗೆ ಮಾತ್ರ ಜೋಡಿಸುವೆ, ಇಂಪೀಡೆನ್ಸ್ (ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ) ಅಳೆದ ಮೇಲೆ. ವಾಲ್ವ್ ಆಂಪಿಗೆ ಹೊಂದದ ಸ್ಪೀಕರ್ ಸಿಕ್ಕಿಸಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಕೊಳ್ಳುವ ಸಾಹಸ ಯಾರೂ ಮಾಡಬೇಡಿ.

ಈ ವಾರ ಮಾತ್ರ ಬೆರ್ರಿಯ ಇಂಟ್ರೊವನ್ನು ಇದೇ ಸುತ್ತಿದ ತಂತಿಯಲ್ಲಿ ಮತ್ತೆ ನುಡಿಸಬೇಕು. ಮೊದಲಿನ ಟೇಕ್ ಪ್ಲೇನ್ ತಂತಿಯದು, ಹೋಗನ್ ಪಕ್ಕ ಇಟ್ಟರೆ ಹೋಲಿಕೆ ನ್ಯಾಯವಾಗುವುದಿಲ್ಲ. ಡ್ರಮ್ಮರ್ ಬಂದು ತ–ಟ ಹಿಡಿಯುತ್ತೇನೆ ಅಂದಿದ್ದಾನೆ, ನಾನು ಮೇಲೆ ತಕ ತಕ ಓಡಿಸಬೇಕು. ಪ್ಯೂರ್ ನಿಕಲ್ ಸುತ್ತಿನ 12-52 ಸೆಟ್ ನಮ್ಮ ಕಡೆ ಯಾರ ಅಂಗಡಿಯಲ್ಲಾದರೂ ಕಂಡರೆ ದಯವಿಟ್ಟು ತಿಳಿಸಿ. ಕೊಳ್ಳುವ ಮೊದಲು ಪ್ಯಾಕೆಟ್ ಬಿಚ್ಚಿಸಿ ಮೂರನೇ ತಂತಿಯ ಮೇಲೆ ಉಗುರು ಎಳೆದು ನೋಡಿ. ಗರಗರ ಅಂದರೆ ನನಗೊಂದು ಸೆಟ್ ತೆಗೆದಿಡಿ.