ತಾಳೆ ನೋಡಿದೆಯಾ?

ಹತ್ತನೆಯ ತರಗತಿಯ ಕರಿಹಲಗೆಯ ಮೇಲೆ ನನ್ನ ಕೈಯಾರೆ ‘6 = 0’ ಎಂದು ಬರೆದ ದಿನ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬರೆಸಿದವರು ನಮ್ಮ ಗಣಿತದ ಮೇಷ್ಟ್ರು.

ಅಂದಿನ ಲೆಕ್ಕ ಇದು: ಕೆಎಕ್ಸ್(ಎಕ್ಸ್ − 2) + 6 = 0 ಎಂಬ ವರ್ಗ ಸಮೀಕರಣದ ಮೂಲಗಳು, ಅಂದರೆ ಅದಕ್ಕೆ ಹೊಂದುವ ಎಕ್ಸ್‌ನ ಎರಡು ಬೆಲೆಗಳು, ಸಮವಾಗಿದ್ದರೆ ಕೆ ಬೆಲೆ ಎಷ್ಟು? ಆವರಣ ಬಿಡಿಸಿದೆ; ಕೆಎಕ್ಸ್² − 2ಕೆಎಕ್ಸ್ + 6 = 0 ಆಯಿತು. ಮೂಲಗಳು ಸಮವಾಗಬೇಕಾದರೆ ಶೋಧಕ ಸೊನ್ನೆಯಾಗಬೇಕು ಎಂಬುದು ಬಾಯಿಪಾಠವಾಗಿತ್ತು. ಎಎಕ್ಸ್² + ಬಿಎಕ್ಸ್ + ಸಿ = 0 ಎಂಬುದರ ಶೋಧಕ ಬಿ² − 4ಎಸಿ; ಆ ಸೂತ್ರದಲ್ಲಿ ಬೆಲೆಗಳನ್ನು ಆದೇಶಿಸಿದಾಗ 4ಕೆ² − 24ಕೆ = 0, ಅಂದರೆ 4ಕೆ(ಕೆ − 6) = 0 ಬಂತು. ಕೆ = 0 ಅಥವಾ 6 ಎಂದು ಬರೆದು, ಉತ್ತರದ ಕೆಳಗೆ ಎರಡು ಗೆರೆ ಎಳೆದು, ಸೀಮೆಸುಣ್ಣ ಕೆಳಗಿಟ್ಟೆ.

“ತಾಳೆ ನೋಡಿದೆಯಾ?”

ಆರನ್ನು ಹಾಕಿದೆ. 6ಎಕ್ಸ್² − 12ಎಕ್ಸ್ + 6 = 0. ಆರರಿಂದ ಭಾಗಿಸಿದರೆ ಉಳಿಯುವುದು (ಎಕ್ಸ್ − 1)² = 0. ಎರಡು ಮೂಲಗಳೂ 1. ಸರಿಯಾಗಿತ್ತು. “ಇನ್ನೊಂದನ್ನೂ ಹಾಕು” ಎಂದರು. ಸೊನ್ನೆ ಹಾಕಿದೆ. ಎಕ್ಸ್² ಇದ್ದ ಪದ ಹೋಯಿತು, ಎಕ್ಸ್ ಇದ್ದ ಪದವೂ ಹೋಯಿತು. ಉಳಿದದ್ದು 6 = 0. ಮೇಷ್ಟ್ರು ಬೈಯಲಿಲ್ಲ. ತರಗತಿಯ ಕಡೆ ತಿರುಗಿ, “ಇದರಲ್ಲಿ ವರ್ಗ ಎಲ್ಲಿದೆ, ಯಾರಾದರೂ ತೋರಿಸಿ” ಎಂದಷ್ಟೇ ಕೇಳಿದರು.

ವರ್ಗ ಸಮೀಕರಣದ ವ್ಯಾಖ್ಯೆಯಲ್ಲಿ ‘ಎ ಸೊನ್ನೆಯಲ್ಲ’ ಎಂಬ ಪುಟ್ಟ ಮಾತೊಂದು ಇರುತ್ತದೆ. ಪಾಠದ ಮೊದಲ ಪುಟದಲ್ಲೇ ಅದನ್ನು ಓದಿದ್ದೆವು, ಓದಿ ದಾಟಿದ್ದೆವು. ಅದು ಅಲ್ಲಿ ಏಕೆ ಕುಳಿತಿದೆ ಎಂದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ. ಕೆ ಇದ್ದದ್ದು ಎಕ್ಸ್²ದ ಸಹಗುಣಕದ ಜಾಗದಲ್ಲಿ. ಅಲ್ಲಿ ಸೊನ್ನೆಯನ್ನು ಕೂರಿಸಿದರೆ ಸಮೀಕರಣವೇ ಉಳಿಯುವುದಿಲ್ಲ. ಅಂದಿನಿಂದ ನನ್ನ ನೋಟುಪುಸ್ತಕದ ಅಂಚಿನಲ್ಲಿ, ಪ್ರತಿ ಲೆಕ್ಕದ ಪಕ್ಕದಲ್ಲೂ, ಕೆಂಪು ಶಾಯಿಯ ‘ತಾ?’ ಕಾಣಿಸತೊಡಗಿತು. ತಾಳೆ ನೋಡಿದ್ದರೆ ಪ್ರಶ್ನೆಯ ಚಿಹ್ನೆಯನ್ನು ಹೊಡೆದುಹಾಕುತ್ತಿದ್ದರು. ಇಲ್ಲದಿದ್ದರೆ ಉತ್ತರ ಸರಿಯಿದ್ದರೂ ಅದು ಹಾಗೆಯೇ ಇರುತ್ತಿತ್ತು.

ಮತ್ತೊಂದು ದಿನ ಪಠ್ಯಪುಸ್ತಕ ಮುಚ್ಚಿಸಿ ಒಂಟೆಗಳ ಲೆಕ್ಕ ಹೇಳಿದರು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ದ ಲೆಕ್ಕವದು. ಹಿಂಡಿನ ಕಾಲು ಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಯಿತು. ಐದರ ಮೂರು ಪಟ್ಟು ಒಂಟೆಗಳು ನದಿಯ ದಡದಲ್ಲಿದ್ದವು. ಒಟ್ಟು ಎಷ್ಟು? ನಮ್ಮ ನಾಡಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ ಇಂಥ ಲೆಕ್ಕ ಕೇಳಿದ್ದರು ಎಂಬ ಸಂಗತಿಯೇ ನಮಗೆ ರೋಮಾಂಚನ ತಂದಿತ್ತು. ವರ್ಗಮೂಲವನ್ನು ಎಕ್ಸ್ ಎಂದುಕೊಂಡರೆ ಹಿಂಡು ಎಕ್ಸ್²; ಎಕ್ಸ್²/4 + 2ಎಕ್ಸ್ + 15 = ಎಕ್ಸ್². ನಾಲ್ಕರಿಂದ ಗುಣಿಸಿ ಜೋಡಿಸಿದರೆ 3ಎಕ್ಸ್² − 8ಎಕ್ಸ್ − 60 = 0. ಶೋಧಕ 784, ಅದು 28ರ ವರ್ಗ. ಮೂಲಗಳು 6 ಮತ್ತು −10/3. ಋಣ ಮೂಲ ಇಲ್ಲಿ ಸಲ್ಲದು. ಹಿಂಡಿನಲ್ಲಿದ್ದದ್ದು 36 ಒಂಟೆ. ಕಾಡಿನಲ್ಲಿ 9, ತಪ್ಪಲಿನಲ್ಲಿ 12, ದಡದಲ್ಲಿ 15. ತಾಳೆಯಾಯಿತು.

ಆಮೇಲೆ ಮೇಷ್ಟ್ರು ಹಲಗೆಯ ಬಳಿ ಹೋಗಿ, ಅಂಗೈಯಿಂದ 60ನ್ನು ಒರೆಸಿ ಅಲ್ಲಿ ಕೆ ಬರೆದರು. “ಒಂದು ಮೂಲ 6 ಎಂದು ಮಾತ್ರ ಗೊತ್ತು. ದಡದ ಒಂಟೆಗಳನ್ನು ಹುಡುಕಿ ತನ್ನಿ.” ನಾನು ಆರನ್ನು ನೇರವಾಗಿ ಹಾಕಿದೆ: 108 − 48 − ಕೆ = 0, ಕೆ 60. ಅದರ ಕಾಲು ಭಾಗವೇ ದಡದ 15. ಪಕ್ಕದ ಬೆಂಚಿನ ಗೆಳತಿ ಬೇರೆ ದಾರಿ ಹಿಡಿದಿದ್ದಳು. ಮೂಲಗಳ ಮೊತ್ತ 8/3, ಆದ್ದರಿಂದ ಇನ್ನೊಂದು ಮೂಲ −10/3. ಎರಡರ ಗುಣಲಬ್ಧ −20, ಅದು −ಕೆ/3ಕ್ಕೆ ಸಮ. ಹಾಗಾಗಿ ಕೆ 60. ಮೇಷ್ಟ್ರು ಅವಳ ಲೆಕ್ಕವನ್ನು ಪೂರ್ತಿಯಾಗಿ ಹಲಗೆಗೆ ಇಳಿಸಿ, ಗಂಟೆ ಬಾರಿಸಿದರೂ ಅಳಿಸದೆ ಹೋದರು. ಮುಂದಿನ ತರಗತಿಯವರೂ ನೋಡಲಿ ಎಂದಿರಬೇಕು.

ಕಳೆದ ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋಗಿದ್ದೆ. ಹತ್ತನೆಯ ತರಗತಿಗೆ ಕಾಲಿಡುವವಳು ಎಂದು ತಿಳಿದದ್ದೇ ತಡ, ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಯಲ್ಲಿ ಬರೆದುಕೊಟ್ಟರು: 2ಎಕ್ಸ್² + ಕೆಎಕ್ಸ್ + 3 = 0, ಮೂಲಗಳು ಸಮ. ಕೈ ಸ್ವಲ್ಪ ನಡುಗುತ್ತಿತ್ತು, ಅಕ್ಷರ ಮಾತ್ರ ಅದೇ. ಅವಳು ಕೆ² = 24 ಎಂದು ತಂದು, ಕೆ ಬೆಲೆ 2√6 ಎಂದು ಬರೆದಳು.

“ಅಷ್ಟೇನಾ ಮಗು?”

ಸ್ವಲ್ಪ ಯೋಚಿಸಿ −2√6 ಅನ್ನೂ ಸೇರಿಸಿದಳು. ಎರಡನ್ನೂ ಹಾಕಿ ನೋಡಿದಳು. ಎರಡರಲ್ಲೂ ಶೋಧಕ ಸೊನ್ನೆಯೇ. ಮೇಷ್ಟ್ರು ನನ್ನತ್ತ ಒಮ್ಮೆ ನೋಡಿ, “ನಿನ್ನ ಅಮ್ಮನ ಲೆಕ್ಕದಲ್ಲಿ ಒಂದು ಬೆಲೆಯನ್ನು ಬಿಡಬೇಕಾಗಿ ಬಂತು. ಇಲ್ಲಿ ಎರಡೂ ಏಕೆ ಉಳಿದವು?” ಎಂದರು. ಇಷ್ಟು ವರ್ಷಗಳ ಮೇಲೂ ಆ 6 = 0 ಅವರಿಗೆ ನೆನಪಿತ್ತು! ನನಗೆ ಮಾತು ಹೊರಡಲಿಲ್ಲ.

ಮಗಳು ಎಕ್ಸ್²ದ ಮುಂದಿದ್ದ 2ರ ಮೇಲೆ ಬೆರಳಿಟ್ಟು, “ಇಲ್ಲಿ ಕೆ ನಡುವೆ ಇದೆ ತಾತ. ಅದು ಏನೇ ಆದರೂ ಈ 2 ಹಾಗೆಯೇ ಇರುತ್ತದೆ” ಎಂದಳು. ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದು, ಹಾಳೆಯ ಅಂಚಿನಲ್ಲಿ ‘ತಾ’ ಎಂದು ಬರೆದರು. ಪ್ರಶ್ನೆಯ ಚಿಹ್ನೆ ಹಾಕಲಿಲ್ಲ.