ಬೆಳಗ್ಗೆಗೆ ಅಂತ ಉಳಿಸಿದ ಚಾರ್ಜು
ಹುಬ್ಳಿಗೆ ರಾತ್ರಿ ಟ್ರೈನಲ್ಲಿ ಹೋಗ್ತಿದೀನಿ, ಅರಸೀಕೆರೆ ದಾಟೋ ಹೊತ್ಗೆ ನನ್ ಹಳೇ ಐಪಾಡ್ ನ್ಯಾನೋ ಬ್ಯಾಟರಿ ಕೆಂಪಿಗೆ ಬಂತು, ಚಾರ್ಜರ್ ಮನೇಲೇ ಉಳ್ಕೊಂಡಿದೆ. ಇದಕ್ಕೆ ಬೇರೆ ಆಫ್ ಬಟನ್ ಅಂತ ಇಲ್ಲ, ಪ್ಲೇ ಬಟನ್ನೇ ಸ್ವಲ್ಪ ಹೊತ್ತು ಒತ್ತಿ ಹಿಡಿದ್ರೆ ಮಲ್ಕೊಳ್ಳತ್ತೆ, ಆಮೇಲೆ ಮೇಲಿರೋ ಹೋಲ್ಡ್ ಸ್ವಿಚ್ ಸರಿಸಿಟ್ರೆ ಬ್ಯಾಗಲ್ಲಿ ಏನಾದ್ರೂ ತಾಗಿ ಆನ್ ಆಗಲ್ಲ. ಹಾಗೇ ಮಾಡಿ ಇಟ್ಟೆ. 2022ರಲ್ಲಿ ಐಪಾಡ್ ಮಾಡೋದೇ ನಿಲ್ಸಿದ್ರು, ಇನ್ನೊಂದು ಹೊಸದು ಸಿಗಲ್ಲ, ಅದಕ್ಕೇ ಇದರ ಮೇಲೆ ಇಷ್ಟು ಜೀವ.

ಹಾವೇರಿ ದಾಟಿದ್ಮೇಲೆ ಬೆಳಕು ಹರಿಯೋವಾಗ ಕಿಟಕಿ ಪಕ್ಕ ಕೂತು ಎರಡು ಹಾಡು ಕೇಳಿದ್ರೆ ಸಾಕು ನಂಗೆ. ಈಗ ಕಿವಿ ಖಾಲಿ, ಕೆಳಗಿನ ಬರ್ತಲ್ಲಿ ಯಾರೋ ಅಜ್ಜಿ ಮೊಮ್ಮಗೂಗೆ ಜೋಗುಳ ಹಾಡ್ತಿದಾರೆ, ಇಷ್ಟೊತ್ತೂ ಹಾಡ್ತಿದ್ರೇನೋ, ಈಗ ಕೇಳಿಸ್ತಿದೆ.