ಗಾಟಿಂಗೆನ್‌ನಲ್ಲಿ ಎಂಎಸ್ಸಿ ಓದಿದ ದಿನಗಳು

ನಮ್ಮ ಫಿಸಿಕ್ಸ್ ವಿಭಾಗದವರು ಎಂಎಸ್ಸಿಗೆ ಹೊರದೇಶಕ್ಕೆ ಹೋಗುವುದು ಈಗ ಜಾಸ್ತಿಯಾಗಿದೆ ಎಂದು ಕೇಳಿ ತುಂಬಾ ಖುಷಿಯಾಯಿತು. ನಮ್ಮ ಪತ್ರಿಕೆಯ ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ, ಅಲ್ಲಿ ಓದು ಹೇಗಿರುತ್ತದೆ ಎಂಬುದನ್ನೇ ಬರೆಯೋಣ ಅನ್ನಿಸಿತು. ನಾನು ಓದಿದ್ದು ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ.

ಊರು ಚಿಕ್ಕದು, ಆದರೆ ಫಿಸಿಕ್ಸ್‌ನವರಿಗೆ ದೊಡ್ಡ ಊರು. 1925ರಲ್ಲಿ ಭೌತವಿಜ್ಞಾನಿಗಳಾದ ಹೈಸನ್‌ಬರ್ಗ್, ಮ್ಯಾಕ್ಸ್ ಬಾರ್ನ್, ಜೋರ್ಡಾನ್ ಸೇರಿ ಮ್ಯಾಟ್ರಿಕ್ಸ್ ಮೆಕ್ಯಾನಿಕ್ಸ್ (ಕ್ವಾಂಟಂ ಸಿದ್ಧಾಂತದ ಮೊದಲ ಪೂರ್ಣ ರೂಪ) ಕಟ್ಟಿದ್ದು ಅಲ್ಲಿಯೇ. ಬಾರ್ನ್ ಸಮಾಧಿಯೂ ಅಲ್ಲೇ ಇದೆ. ಕಲ್ಲಿನ ಮೇಲೆ 'ಪಿಕ್ಯೂ ಮೈನಸ್ ಕ್ಯೂಪಿ ಈಕ್ವಲ್ಸ್ ಎಚ್ ಬೈ ಟೂ ಪೈ ಐ' ಎಂಬ ಆ ಸಿದ್ಧಾಂತದ ಸಮೀಕರಣ ಕೆತ್ತಿದ್ದಾರೆ. ಅದೇ ಸ್ಮಶಾನದಲ್ಲಿ ಕ್ವಾಂಟಂ ಕಲ್ಪನೆ ತಂದ ಪ್ಲಾಂಕ್ ಇದ್ದಾರೆ, ಪರಮಾಣು ವಿದಳನ ಕಂಡುಹಿಡಿದ ಆಟೋ ಹಾನ್ ಇದ್ದಾರೆ. 1933ರಲ್ಲಿ ನಾಜಿಗಳು ಬಂದಾಗ ಬಾರ್ನ್ ಮತ್ತು ಗಣಿತಜ್ಞೆ ಎಮ್ಮಿ ನೋಥರ್ ಯಹೂದಿಗಳೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡರು. ಭೌತವಿಜ್ಞಾನಿ ಜೇಮ್ಸ್ ಫ್ರಾಂಕ್ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಆಮೇಲೆ 1935-36ರಲ್ಲಿ ಬಾರ್ನ್, ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ ಬೆಂಗಳೂರಿಗೆ ಬಂದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಕೆಲಸ ಮಾಡಿದರು. ಅವರನ್ನು ಕಾಯಂ ಮಾಡಿಕೊಳ್ಳಬೇಕೆಂದು ರಾಮನ್ ಪಟ್ಟ ಪ್ರಯತ್ನ ಫಲಿಸಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು. ಅವರು ಇಲ್ಲೇ ಉಳಿದಿದ್ದರೆ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಜರ್ಮನಿಯಲ್ಲಿ ಎಂಎಸ್ಸಿ ಅಂದರೆ ಸಾಮಾನ್ಯವಾಗಿ 120 ಕ್ರೆಡಿಟ್, ನಾಲ್ಕು ಸೆಮಿಸ್ಟರ್. ಒಂದು ಕ್ರೆಡಿಟ್‌ಗೆ ಸುಮಾರು 30 ಗಂಟೆ ಕೆಲಸ ಎಂದು ಲೆಕ್ಕ. ಅದರಲ್ಲಿ ತರಗತಿಯಲ್ಲಿ ಕೂರುವ ಹೊತ್ತು ಕಡಿಮೆ. ಉಳಿದದ್ದೆಲ್ಲ ಪ್ರಾಬ್ಲಮ್ ಶೀಟ್‌ಗೆ ಹೋಗುತ್ತದೆ. ವಾರಕ್ಕೊಂದು ಶೀಟ್ ಕೊಡುತ್ತಾರೆ. ಅದನ್ನು ಬಿಡಿಸಿ ಕೊಡಬೇಕು, ಕರೆದಾಗ ಬೋರ್ಡಿನ ಮುಂದೆ ನಿಂತು ವಿವರಿಸಬೇಕು. ಎಷ್ಟೋ ಕೋರ್ಸುಗಳಲ್ಲಿ ಶೀಟ್‌ಗಳಲ್ಲಿ ಅರ್ಧದಷ್ಟು ಅಂಕ ಬಂದರೇನೇ ಪರೀಕ್ಷೆಗೆ ಕೂರಲು ಬಿಡುವುದು.

ಒಬ್ಬರೇ ಕೂತು ಬಿಡಿಸುವಂಥ ಲೆಕ್ಕಗಳಲ್ಲ ಅವು. ಹಾಗಾಗಿ ಗುಂಪು ತಾನಾಗೇ ಕೂಡಿಕೊಳ್ಳುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬೊಬ್ಬರದು ಒಂದೊಂದು ದೇಶ. ಮೊದಲ ಕೆಲವು ವಾರ ಚರ್ಚೆಯೆಲ್ಲ ಬರವಣಿಗೆಯ ಬಗ್ಗೆಯೇ! ರಷ್ಯಾದ ಗೆಳೆಯ ತ್ರಿಕೋನಮಿತಿಯ 'ಟ್ಯಾನ್' ಬದಲು 'ಟಿಜಿ' ಎಂದು ಬರೆಯುತ್ತಿದ್ದ. ಜರ್ಮನ್ನರು ದಶಮಾಂಶಕ್ಕೆ ಚುಕ್ಕಿ ಇಡುವುದಿಲ್ಲ, ಅಲ್ಪವಿರಾಮ ಹಾಕುತ್ತಾರೆ. ಅವರು ಬರೆಯುವ 1 ನಮ್ಮ ಕಣ್ಣಿಗೆ 7ರ ಹಾಗೆ ಕಾಣುತ್ತದೆ. ರಿಲೇಟಿವಿಟಿಯಲ್ಲಿ ಒಬ್ಬರು ಕಾಲಕ್ಕೆ ಮೈನಸ್ ಚಿಹ್ನೆ ಕೊಟ್ಟರೆ ಇನ್ನೊಬ್ಬರು ಪ್ಲಸ್. ಫೋರಿಯರ್ ಟ್ರಾನ್ಸ್‌ಫಾರ್ಮ್‌ನ ಟೂ ಪೈ ಎಲ್ಲಿ ಇಡಬೇಕು ಎಂಬುದಕ್ಕೂ ವಾದ. ಇದು ಸುಮ್ನೆ ಹೊತ್ತು ಹಾಳು ಅಂತ ಯಾರೂ ಅಂದುಕೊಳ್ಳಬಾರದು. ಯಾವುದು ಬರೆಯುವ ರೂಢಿ, ಯಾವುದು ನಿಜವಾದ ಫಿಸಿಕ್ಸ್ ಎಂದು ಬಿಡಿಸಿ ನೋಡಲು ನನಗೆ ಬಂದದ್ದು ಆ ವಾದಗಳಿಂದಲೇ. ಅಲ್ಲಿ ವೈವಾ ಪರೀಕ್ಷೆಗಳೂ ಹೆಚ್ಚು. ಪ್ರೊಫೆಸರ್ ಕೈಗೆ ಪೆನ್ನು ಕೊಟ್ಟು, ಈ ಸಮೀಕರಣ ಎಲ್ಲಿಂದ ಬಂತು, ಯಾವಾಗ ಸುಳ್ಳಾಗುತ್ತದೆ ಎಂದು ಕೇಳುತ್ತಾರೆ. ಗುಂಪಿನಲ್ಲಿ ಬಾಯಿಬಿಟ್ಟು ವಾದ ಮಾಡಿದವರಿಗೆ ಅದು ಕಷ್ಟವಾಗುವುದಿಲ್ಲ.

ಆದರೆ ನನ್ನನ್ನು ಬದಲಾಯಿಸಿದ್ದು ಎರಡನೇ ವರ್ಷ. ಅಲ್ಲಿನ ಫಿಸಿಕ್ಸ್ ಎಂಎಸ್ಸಿಯಲ್ಲಿ ಸಾಮಾನ್ಯವಾಗಿ ಒಂದು ವರ್ಷ ಪೂರ್ತಿ ಸಂಶೋಧನೆಗೇ ಮೀಸಲು. ನಾನು ಸೇರಿದ ಲ್ಯಾಬಿನಲ್ಲಿ ಕೆಲವೇ ಪರಮಾಣುಗಳಷ್ಟು ದಪ್ಪದ ಕಬ್ಬಿಣದ ಪೊರೆ ಬೆಳೆಸಿ, ಅದರ ಕಾಂತಗುಣ ಅಳೆಯುತ್ತಿದ್ದರು. ಅದಕ್ಕೆ ಬೇಕಾದ ನಿರ್ವಾತ 10⁻¹⁰ ಮಿಲಿಬಾರ್. ಅಂದರೆ ನಾವು ಉಸಿರಾಡುವ ಗಾಳಿಯ ಒತ್ತಡದ ಹತ್ತು ಲಕ್ಷ ಕೋಟಿಯ ಒಂದು ಭಾಗ. ಇಷ್ಟೇಕೆ ಬೇಕು? 10⁻⁶ ಮಿಲಿಬಾರ್‌ನಲ್ಲಿ ಉಳಿದಿರುವ ಅನಿಲವೇ ಒಂದೆರಡು ಸೆಕೆಂಡಿನಲ್ಲಿ ಪೊರೆಯ ಮೇಲೆ ಒಂದು ಪದರ ಕೂತುಬಿಡಬಲ್ಲದು. 10⁻¹⁰ಕ್ಕೆ ಇಳಿಸಿದರೆ ಕೆಲವು ಗಂಟೆ ಸಿಗುತ್ತದೆ. ಆ ಗಂಟೆಗಳೊಳಗೆ ಅಳತೆ ಮುಗಿಯಬೇಕು.

ಪಂಪು ಹಾಕಿದ ಮಾತ್ರಕ್ಕೆ ಆ ನಿರ್ವಾತ ಬರುವುದಿಲ್ಲ. ಉಕ್ಕಿನ ಗೋಡೆಗೆ ಅಂಟಿದ ನೀರಿನ ಅಣುಗಳು ನಿಧಾನವಾಗಿ ಬಿಡುತ್ತಲೇ ಇರುತ್ತವೆ. ಅದಕ್ಕೆ ಇಡೀ ಚೇಂಬರ್‌ಗೆ ಹೀಟರ್ ಪಟ್ಟಿ ಸುತ್ತಿ, ಮೇಲೆ ಅಲ್ಯೂಮಿನಿಯಂ ಫಾಯಿಲ್ ಹೊದಿಸಿ, 150 ಡಿಗ್ರಿಯ ಹತ್ತಿರ ಒಂದೆರಡು ದಿನ ಕಾಯಿಸಬೇಕು. ಚೇಂಬರ್ ಬಿಚ್ಚಿದಾಗಲೆಲ್ಲ ಬಿಚ್ಚಿದ ಕಡೆ ಹೊಸ ತಾಮ್ರದ ಗ್ಯಾಸ್ಕೆಟ್ (ಜಾಯಿಂಟು ಸೋರದಂತೆ ನಡುವೆ ಇಡುವ ಬಳೆ) ಹಾಕಬೇಕು. ಉಕ್ಕಿನ ಚೂಪು ಅಂಚು ಒಮ್ಮೆ ತಾಮ್ರಕ್ಕೆ ಕಚ್ಚಿದರೆ ಆ ಗ್ಯಾಸ್ಕೆಟ್ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಎಲ್ಲೋ ಸೋರುತ್ತಿದೆ ಅನ್ನಿಸಿದರೆ ಹೊರಗಿನಿಂದ ಒಂದೊಂದು ಜಾಯಿಂಟಿಗೂ ಹೀಲಿಯಂ ಊದಿ, ಅನಿಲಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಹೀಲಿಯಂನ ಗುರುತಾದ 'ನಾಲ್ಕು' ಏರುತ್ತದೆಯೇ ಎಂದು ನೋಡುವುದು. ಹೀಲಿಯಂ ಹಗುರ, ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಮೇಲಿನ ಜಾಯಿಂಟಿನಿಂದ ಶುರು ಮಾಡಿ ಕೆಳಗೆ ಬರಬೇಕು. ಇದನ್ನು ಕಲಿಸಿದ್ದು ಲ್ಯಾಬಿನ ತಂತ್ರಜ್ಞರು. ಯಾವ ಪ್ರೊಫೆಸರ್‌ಗೂ ಕಡಿಮೆಯಿಲ್ಲದ ಗುರುಗಳು ಅವರು ನನಗೆ. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮೇಷ್ಟ್ರು ಪ್ರತಿ ಅಳತೆಗೂ ಎರರ್ ಎಷ್ಟು ಎಂದು ಬಿಡದೆ ಕೇಳುತ್ತಿದ್ದರಲ್ಲ, ಆ ಅಭ್ಯಾಸ ಅಲ್ಲಿ ದಿನಾ ಕೈ ಹಿಡಿಯಿತು.

ದುಡ್ಡಿನ ವಿಷಯ ಚುಟುಕಾಗಿ ಹೇಳುತ್ತೇನೆ. ನಾನು ಓದಿದ ಕಡೆ ಬೋಧನಾ ಶುಲ್ಕ ಇರಲಿಲ್ಲ, ಸೆಮಿಸ್ಟರ್ ಶುಲ್ಕ ಮಾತ್ರ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಾದರೆ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. 2024ರ ಸೆಪ್ಟೆಂಬರ್‌ನಿಂದ ವೀಸಾಗೆ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ವರ್ಷಕ್ಕೆ 11,904 ಯೂರೋ ತೋರಿಸಬೇಕು. ನಮ್ಮ ಅಂಕಪಟ್ಟಿ, ಪದವಿ ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ಬೇಗ ಅರ್ಜಿ ಹಾಕಿ. ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ಅವಕಾಶವಿದೆ. ಆದರೆ ಮೊದಲ ಸೆಮಿಸ್ಟರ್‌ನಲ್ಲಿ ಪ್ರಾಬ್ಲಮ್ ಶೀಟ್‌ಗಳ ನಡುವೆ ಕೆಲಸಕ್ಕೆ ಕೈ ಹಾಕಬೇಡಿ ಎಂದು ನಾನಂತೂ ಹೇಳುತ್ತೇನೆ.

ಎಲ್ಲಿಗೆ ಅರ್ಜಿ ಹಾಕಲಿ ಎಂದು ಕೇಳುವವರು ರ‍್ಯಾಂಕಿಂಗ್ ಪಟ್ಟಿ ಹಿಡಿದು ಬರುತ್ತಾರೆ. ಪಟ್ಟಿ ಪಕ್ಕಕ್ಕಿಡಿ. ಆ ವಿಭಾಗದಲ್ಲಿ ಯಾವ ಯಾವ ಗುಂಪುಗಳಿವೆ, ಈಚೆಗೆ ಅವರು ಏನು ಪ್ರಕಟಿಸಿದ್ದಾರೆ, ಎಂಎಸ್ಸಿಯವರ ಹೆಸರು ಆ ಪ್ರಬಂಧಗಳಲ್ಲಿ ಇದೆಯೇ ಎಂದು ನೋಡಿ. ನಿಮಗೆ ಹಿಡಿಸಿದ ಮೂರ್ನಾಲ್ಕು ಗುಂಪುಗಳ ಹೆಸರು ಬರೆದು ವಿಭಾಗದ ಕಚೇರಿಯಲ್ಲಿ ಕೊಡಿ. ನನ್ನ ವಿಳಾಸ ಅವರ ಬಳಿ ಇದೆ. ನಾನು ಓದಿ ಉತ್ತರ ಬರೆಯುತ್ತೇನೆ.